ಉಳಿತಾಯ ಖುಷಿಯ ಅಭ್ಯಾಸ ಆಗಬೇಕು, ವರ್ಷಗಟ್ಟಲೆ ನಿಲ್ಲಲೂ ಬೇಕು. ನೀವೆಲ್ಲ ಏನು ಮಾಡುತ್ತೀರಿ?

ಗಾಳಿಪಟ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿದೆ. ದುಡ್ಡು ಉಳಿಸಬೇಕು ಅಂತ ಯಾರಿಗೆ ತಾನೇ ಗೊತ್ತಿಲ್ಲ? ಆದರೆ ನನ್ನ ಸುತ್ತ ಇರುವವರಲ್ಲಿ ಬಹಳ ಜನರ ಕಥೆ ಒಂದೇ. ಮೊದಲ ತಿಂಗಳು ಭಾರಿ ಹುರುಪು. ಎರಡನೇ ತಿಂಗಳು ಲೆಕ್ಕ ಬರೆಯುವುದು ತಪ್ಪುತ್ತದೆ. ಮೂರನೇ ತಿಂಗಳು ಎತ್ತಿಟ್ಟ ದುಡ್ಡು ಯಾವುದೋ ಖರ್ಚಿಗೆ ಹೋಗಿರುತ್ತದೆ.

ಈಗ ಗೆಳೆಯರ ಗುಂಪಿನಲ್ಲಿ 52 ವಾರದ ಸವಾಲು ಶುರು ಮಾಡೋಣ ಅಂತ ಮಾತು ನಡೆದಿದೆ. ಮೊದಲ ವಾರ 1, ಎರಡನೇ ವಾರ 2, ಹೀಗೆ ಕೊನೆಯ ವಾರ 52. ಯಾವ ಮೊತ್ತವನ್ನು ಒಂದು ಅಂತ ಇಟ್ಟುಕೊಳ್ಳಬೇಕು ಅನ್ನುವುದು ಅವರವರ ಶಕ್ತಿಗೆ ಬಿಟ್ಟದ್ದು. ಇಂಥ ಆಟಗಳಿಂದ ನಿಜವಾಗಿ ಅಭ್ಯಾಸ ನಿಲ್ಲುತ್ತದಾ? ಅಥವಾ ಆಟ ಮುಗಿದ ಮೇಲೆ ಮತ್ತೆ ಮೊದಲಿನ ಹಾಗೇ ಆಗುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಲೆಕ್ಕಿಗ

52 ವಾರದ್ದು ಒಟ್ಟು ಕೂಡಿದರೆ 1,378 ಆಗುತ್ತದೆ. ಚೆನ್ನಾಗಿಯೇ ಇದೆ. ಆದರೆ ಹಂಚಿಕೆ ನೋಡಿ. ಮೊದಲ ನಾಲ್ಕು ವಾರ ಸೇರಿ ಬರೀ 10. ಕೊನೆಯ ನಾಲ್ಕು ವಾರ ಸೇರಿ 202. ಹುರುಪು ತುಂಬಿರುವಾಗ ಭಾರವೇ ಇಲ್ಲ, ಹುರುಪು ಇಳಿದಾಗ ಇಪ್ಪತ್ತು ಪಟ್ಟು ಭಾರ. ಅದಕ್ಕೇ ಜನ ವರ್ಷದ ಕೊನೆಯಲ್ಲಿ ಕೈಬಿಡುತ್ತಾರೆ. ಉಲ್ಟಾ ಮಾಡಿ, 52ರಿಂದ ಶುರು ಮಾಡಿ 1ಕ್ಕೆ ಇಳಿಯಿರಿ.

ಚುಕ್ಕಿ

ಉಲ್ಟಾ ಮಾಡಿದರೆ ಮೊದಲ ತಿಂಗಳೇ 202 ಬೇಕಲ್ಲ! ಹೊಸಬರು ಅಲ್ಲೇ ಓಡಿ ಹೋಗುತ್ತಾರೆ.

ನಾವು ಅಕ್ಕತಂಗಿಯರು ಬೇರೆ ಥರ ಮಾಡಿದ್ದೆವು. ಒಂದು ಹಾಳೆಯಲ್ಲಿ 1ರಿಂದ 52ರವರೆಗೆ ಮನೆ ಹಾಕಿ ಗೋಡೆಗೆ ಅಂಟಿಸಿದ್ದೆವು. ಪ್ರತಿ ವಾರ ಯಾವುದಾದರೂ ಒಂದು ಸಂಖ್ಯೆ ಆರಿಸಿ ಹೊಡೆದು ಹಾಕುವುದು. ಕೈ ಬಿಗಿ ಇದ್ದ ವಾರ 3, ಸಂಬಳ ಬಂದ ವಾರ 48. ಒಟ್ಟು ಅಷ್ಟೇ ಆಗುತ್ತದೆ. ಯಾವುದನ್ನು ಹೊಡೆಯಬೇಕು ಅಂತ ಪ್ರತಿ ವಾರ ಜಗಳ, ಅದರಲ್ಲೇ ಮಜಾ.

ಲೆಕ್ಕಿಗ

ಇದು ನನ್ನದಕ್ಕಿಂತ ಒಳ್ಳೇ ಉಪಾಯ, ಒಪ್ಪಿದೆ.

ಹಳೇಪೆನ್ನು

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ವಾರ ಮನಸ್ಸು ಗಟ್ಟಿ ಮಾಡಿಕೊಂಡು ದುಡ್ಡು ಎತ್ತಿಡಬೇಕಾದ ಯಾವ ವಿಧಾನವೂ ಬಹಳ ಕಾಲ ನಡೆಯುವುದಿಲ್ಲ. ವರ್ಷಕ್ಕೆ 52 ಸಲ ನಿರ್ಧಾರ ಮಾಡಬೇಕು ಅಂದರೆ ತಪ್ಪಿಸಿಕೊಳ್ಳಲು 52 ಅವಕಾಶ ಕೊಟ್ಟಂತೆ. ಒಂದೇ ಸಲ ನಿರ್ಧಾರ ಮಾಡಿ. ಸಂಬಳ ಬಂದ ಮರುದಿನ ದುಡ್ಡು ತಾನಾಗಿಯೇ ಬೇರೆ ಖಾತೆಗೆ ಹೋಗುವ ಹಾಗೆ ಬ್ಯಾಂಕಿಗೆ ಹೇಳಿಬಿಡಿ. ಮುಗಿಯಿತು.

ಇದಕ್ಕೆ ಆಧಾರ ಇದೆ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಯೋಜನೆ ರೂಪಿಸಿದರು. ಅಮೆರಿಕದ ಒಂದು ಕಂಪನಿಯಲ್ಲಿ ಅದು ಮೊದಲು ಜಾರಿಗೆ ಬಂದದ್ದು 1998ರಲ್ಲಿ. ನೌಕರರಿಗೆ ಅವರು ಹೇಳಿದ್ದು ಇಷ್ಟೇ: ಈಗ ಏನೂ ಜಾಸ್ತಿ ಉಳಿಸಬೇಡಿ. ಮುಂದೆ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ, ಅದಕ್ಕೆ ಈಗಲೇ ಒಪ್ಪಿಗೆ ಕೊಡಿ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು. ಈ ಅವಕಾಶ ಸಿಕ್ಕ ನೌಕರರಲ್ಲಿ 78% ಜನ ಸೇರಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ 3.5%ರಿಂದ 13.6%ಕ್ಕೆ ಏರಿತು. ಕೈಗೆ ಬರುವ ದುಡ್ಡು ಯಾವ ತಿಂಗಳೂ ಕಡಿಮೆ ಆಗಲಿಲ್ಲ. ಅದಕ್ಕೇ ಯಾರಿಗೂ ನೋವಾಗಲಿಲ್ಲ.

ಗಾಳಿಪಟ

ಹಳೇಪೆನ್ನು ಸರ್, ಇದು ಬಹಳ ಚೆನ್ನಾಗಿದೆ. ಆದರೆ ಇದರಲ್ಲಿ ಖುಷಿ ಎಲ್ಲಿದೆ? ನೋವು ಇಲ್ಲ, ನಿಜ. ಕಣ್ಣಿಗೆ ಕಾಣದೆ ಹೋದ ದುಡ್ಡಿನ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು? ಪ್ರೀತಿ ಇಲ್ಲದಿದ್ದರೆ ಒಂದು ದಿನ ಸುಮ್ನೆ ಹೋಗಿ ಆ ಖಾತೆ ಮುರಿದುಬಿಡುತ್ತೇವೆ.

ಬೆಳದಿಂಗಳು

ಗಾಳಿಪಟ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಳಿಸುವ ಕೆಲಸ ಯಂತ್ರಕ್ಕೆ ಬಿಡಿ, ಹೆಸರಿಡುವ ಕೆಲಸ ನೀವು ಮಾಡಿ. ಖುಷಿ ಇರುವುದು ಅಲ್ಲಿ.

ನನ್ನ ಉಳಿತಾಯ ಒಂದೇ ಖಾತೆಯಲ್ಲಿ ಇದ್ದಾಗ ಅದು ಬರೀ ಒಂದು ಅಂಕಿ. ಅದರಿಂದ ಸ್ವಲ್ಪ ತೆಗೆದರೂ ಏನೂ ಅನಿಸುತ್ತಿರಲಿಲ್ಲ. ಆಮೇಲೆ ಅದನ್ನೇ ಒಡೆದು ಹೆಸರು ಕೊಟ್ಟೆ. ಒಂದು ‘ಅಮ್ಮನ ಕಣ್ಣಿನ ಆಪರೇಷನ್’. ಒಂದು ‘ಕಡಲ ತೀರದಲ್ಲಿ ಒಂದು ವಾರ’. ಇನ್ನೊಂದು ‘ಕೆಲಸ ಹೋದರೆ’. ಅಮ್ಮನ ಹೆಸರಿನ ದುಡ್ಡಿಗೆ ಕೈ ಹಾಕಿ ಹೊಸ ಫೋನ್ ತರಲು ಮನಸ್ಸು ಬರುವುದೇ ಇಲ್ಲ. ದುಡ್ಡಿಗೆ ಗುರುತು ಇಲ್ಲ, ಒಂದು ನೋಟಿನ ಬದಲು ಇನ್ನೊಂದು ನೋಟು ನಡೆಯುತ್ತದೆ, ಅದು ಅರ್ಥಶಾಸ್ತ್ರದ ಮಾತು. ಮನುಷ್ಯರು ಹಾಗಿಲ್ಲ, ತಲೆಯಲ್ಲೇ ದುಡ್ಡನ್ನು ಬೇರೆ ಬೇರೆ ಡಬ್ಬಿಗೆ ಹಾಕಿಡುತ್ತೇವೆ ಅಂತ ತೋರಿಸಿದವರೂ ಇದೇ ಥೇಲರ್. 2017ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನೊಂದು ಮಾತು. ಬರೀ ಕಷ್ಟಕ್ಕೆ ಅಂತ ಉಳಿಸಿದರೆ ಮನಸ್ಸು ಒಣಗುತ್ತದೆ. ಆಸೆಯ ಡಬ್ಬಿ ಒಂದಾದರೂ ಇರಲೇಬೇಕು. ಅದು ತುಂಬಿದಾಗ ಲೆಕ್ಕ ನೋಡದೆ ಖರ್ಚು ಮಾಡಬೇಕು. ಉಳಿಸಿದ ದುಡ್ಡು ಒಮ್ಮೆಯೂ ಸುಖ ಕೊಡದಿದ್ದರೆ ಮುಂದಿನ ಸಲ ಯಾಕೆ ಉಳಿಸಬೇಕು?

ನೀಲಿಛತ್ರಿ

ಸುಮ್ನೆ ಇಷ್ಟೆಲ್ಲ ಯಾಕೆ? 21 ದಿನ ಬಿಡದೆ ಮಾಡಿ, ಅಭ್ಯಾಸ ತಾನಾಗಿ ಆಗುತ್ತದೆ.

ಹಳೇಪೆನ್ನು

ಈ 21 ದಿನದ ಮಾತನ್ನು ದಯವಿಟ್ಟು ಬಿಡಿ. ಅದು ಬಂದದ್ದು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದದ್ದರಿಂದ. ಆಪರೇಷನ್ ಆದ ಮೇಲೆ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಜನರಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಅಂತ ಅವರು ಬರೆದಿದ್ದರು. ‘ಕನಿಷ್ಠ’ ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಅಧ್ಯಯನ ಮಾಡಿದರು. ದಿನಾ ನೀರು ಕುಡಿಯುವುದು, ನಡೆಯುವುದು, ಅಂಥ ಸಣ್ಣ ಅಭ್ಯಾಸಗಳು. ಗಟ್ಟಿಯಾಗಲು ಹಿಡಿದದ್ದು ಸುಮಾರು 66 ದಿನ. ಅದೂ ಮಧ್ಯದ ಲೆಕ್ಕ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಅಂದಾಜು. ಮುಖ್ಯವಾದ ಇನ್ನೊಂದು ಸಂಗತಿಯೂ ಕಂಡಿತು. ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಏಟು ಬೀಳಲಿಲ್ಲ.

ನೀಲಿಛತ್ರಿ

ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಆ ಕೊನೆಯ ಸಂಗತಿ ತುಂಬಾ ಮುಖ್ಯ ಅನಿಸಿತು. ಜನ ಕೈಬಿಡುವುದೇ ಅಲ್ಲಿ ಅಲ್ವಾ? ಒಂದು ವಾರ ತಪ್ಪಿತು, ಇನ್ನು ಹೋಯಿತು ಬಿಡು ಅಂತ.

ಚುಕ್ಕಿ

ಅದಕ್ಕೇ ನಮ್ಮ ಹಾಳೆಯಲ್ಲಿ ಎರಡು ‘ರಜೆ’ ಮನೆಗಳೂ ಇದ್ದವು. ತಪ್ಪಿದರೆ ಅದನ್ನು ಹೊಡೆಯುವುದು. ರಜೆ ತೆಗೆದುಕೊಂಡೆವು ಅನಿಸಿತೇ ಹೊರತು ಸೋತೆವು ಅನಿಸಲಿಲ್ಲ.

ರಾತ್ರಿಪಾಳಿ

ಎಲ್ಲರೂ ಸಂಬಳ, ಸಂಬಳ ಅನ್ನುತ್ತಿದ್ದೀರಿ. ನನ್ನಂಥವರಿಗೆ ತಿಂಗಳ ಸಂಬಳವೇ ಇಲ್ಲ. ಕೆಲಸ ಸಿಕ್ಕ ದಿನ ದುಡ್ಡು, ಇಲ್ಲದ ದಿನ ಇಲ್ಲ. ತಾನಾಗಿ ಹೋಗಲಿ ಅಂತ ಇಟ್ಟರೆ ಖಾತೆಯಲ್ಲಿ ದುಡ್ಡು ಸಾಲದೆ ಬ್ಯಾಂಕು ದಂಡ ಹಾಕುತ್ತದೆ. ಅಂಥವರ ಬಗ್ಗೆ ಯಾರೂ ಬರೆಯುವುದೇ ಇಲ್ಲ.

ಮತ್ತೆ, ಕೆಲವು ಮನೆಗಳಲ್ಲಿ ಉಳಿಸಲು ನಿಜವಾಗಿ ಏನೂ ಇರುವುದಿಲ್ಲ. ಬಾಡಿಗೆ, ಊಟ, ಔಷಧ ಆದಮೇಲೆ ಸೊನ್ನೆ. ಅವರಿಗೆ ಹೋಗಿ ‘ಆಟ ಆಡಿ, ಖುಷಿಯಾಗಿ ಉಳಿಸಿ’ ಅಂದರೆ ಗಾಯಕ್ಕೆ ಉಪ್ಪು ಹಚ್ಚಿದ ಹಾಗೆ. ಅವರಿಗೆ ಬೇಕಾದದ್ದು ಹೆಚ್ಚು ಆದಾಯ, ಉಪದೇಶ ಅಲ್ಲ.

ಬೆಳದಿಂಗಳು

ರಾತ್ರಿಪಾಳಿ ಅಣ್ಣ, ಎರಡನೇ ಮಾತಿಗೆ ಎದುರು ಮಾತೇ ಇಲ್ಲ. ಹೊಟ್ಟೆ ಕಟ್ಟಿ ಉಳಿಸಿ ಅಂತ ಯಾರೂ ಯಾರಿಗೂ ಹೇಳಬಾರದು.

ಮೊದಲನೆಯದಕ್ಕೆ ಒಂದು ದಾರಿ ಇದೆ. ಮೊತ್ತ ಗೊತ್ತು ಮಾಡಬೇಡಿ, ಪಾಲು ಗೊತ್ತು ಮಾಡಿ. ಬಂದದ್ದರಲ್ಲಿ ನೂರಕ್ಕೆ ಐದು ಅಂತ ಇಟ್ಟುಕೊಳ್ಳಿ. ಜಾಸ್ತಿ ಬಂದ ದಿನ ಜಾಸ್ತಿ, ಕಡಿಮೆ ಬಂದ ದಿನ ಕಡಿಮೆ, ಏನೂ ಬಾರದ ದಿನ ಏನೂ ಇಲ್ಲ. ದುಡ್ಡು ಕೈಗೆ ಬಂದ ಗಳಿಗೆಯಲ್ಲೇ ಎತ್ತಿಡಬೇಕು, ರಾತ್ರಿಯವರೆಗೆ ಕಾದರೆ ಉಳಿಯುವುದಿಲ್ಲ. ನಮ್ಮ ಯಜಮಾನರು ಹೊಲಿಗೆ ಕೆಲಸದವರು, ಅವರು ಮಾಡುವುದೂ ಹೀಗೇ.

ರಾತ್ರಿಪಾಳಿ

ಪಾಲಿನ ಲೆಕ್ಕ ಆಗಬಹುದು. ನೋಡುತ್ತೇನೆ ಅಕ್ಕ.

ಸಾಲಮುಕ್ತ

ಒಂದು ವಿಷಯ ಯಾರೂ ಎತ್ತಲಿಲ್ಲ. ತಲೆ ಮೇಲೆ ದುಬಾರಿ ಸಾಲ ಇದ್ದರೆ ಉಳಿತಾಯದ ಮಾತೇ ಬೇಡ. ಸರಳ ಲೆಕ್ಕ. ವರ್ಷಕ್ಕೆ 30% ಬಡ್ಡಿಯ ಕಾರ್ಡ್ ಸಾಲ ಇದೆ, ಠೇವಣಿಗೆ 6% ಸಿಗುತ್ತದೆ ಅಂತ ಇಟ್ಟುಕೊಳ್ಳಿ. ನೂರನ್ನು ಠೇವಣಿ ಇಟ್ಟರೆ ಸಿಗುವುದು ಆರು. ಅದೇ ನೂರು ಸಾಲಕ್ಕೆ ಕಟ್ಟಿದರೆ ಉಳಿಯುವುದು ಮೂವತ್ತು. ಸಾಲ ತೀರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಉಳಿತಾಯ.

ಬೆಳದಿಂಗಳು

ಲೆಕ್ಕ ಸರಿ. ಆದರೆ ಕೈಯಲ್ಲಿ ಒಂದು ಕಾಸೂ ಇಡದೆ ಎಲ್ಲವನ್ನೂ ಸಾಲಕ್ಕೇ ಕಟ್ಟಿದರೆ ಏನಾಗುತ್ತದೆ? ಮುಂದಿನ ವಾರ ಮಗುವಿಗೆ ಜ್ವರ ಬಂತು, ಗಾಡಿ ಕೆಟ್ಟಿತು. ಮತ್ತೆ ಅದೇ ಕಾರ್ಡ್ ತೆಗೆಯಬೇಕು. ಮೊದಲು ಒಂದು ತಿಂಗಳ ಖರ್ಚಿನಷ್ಟು ಪಕ್ಕಕ್ಕೆ ಇಡಿ, ಆಮೇಲೆ ಸಾಲದ ಮೇಲೆ ಬೀಳಿ.

ಸಾಲಮುಕ್ತ

ಒಂದು ತಿಂಗಳದ್ದು ಜಾಸ್ತಿ ಆಯಿತು, ಅರ್ಧ ತಿಂಗಳದ್ದು ಸಾಕು. ಅಷ್ಟರವರೆಗೆ ಒಪ್ಪುತ್ತೇನೆ. ಮತ್ತೆ ಖುಷಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಲವು ಸಾಲ ಇದ್ದರೆ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವುದು ಲಾಭ. ಆದರೂ ಬಹಳ ಜನ ಎಲ್ಲಕ್ಕಿಂತ ಸಣ್ಣ ಸಾಲವನ್ನು ಮೊದಲು ಮುಗಿಸುತ್ತಾರೆ. ಪಟ್ಟಿಯಿಂದ ಒಂದು ಹೆಸರು ಅಳಿಸಿದ ಖುಷಿಗೆ ಮುಂದಿನದಕ್ಕೆ ಬಲ ಬರುತ್ತದೆ ಅನ್ನುತ್ತಾರೆ. ನಾನು ಮಾತ್ರ ಬಡ್ಡಿಯ ಕಡೆ.

ಮೂವರಮ್ಮ

ಮಕ್ಕಳಿರುವ ಮನೆಯಿಂದ ಒಂದು ಮಾತು. ನಮ್ಮ ಮೂವರಿಗೂ ಒಂದೊಂದು ಗಾಜಿನ ಡಬ್ಬಿ ಕೊಟ್ಟಿದ್ದೇನೆ. ಗೋಲಕ ಬೇಡ, ಗಾಜೇ ಬೇಕು. ಒಳಗೆ ಎಷ್ಟು ಏರಿತು ಅಂತ ಕಾಣಬೇಕು. ಹೊರಗೆ ಅವರಿಗೆ ಬೇಕಾದ ವಸ್ತುವಿನ ಚಿತ್ರ ಅವರೇ ಬರೆದು ಅಂಟಿಸಿದ್ದಾರೆ. ದೊಡ್ಡವಳದ್ದು ದೂರದರ್ಶಕ. ಅವಳು ಒಂದೂವರೆ ವರ್ಷ ಕಾದಳು. ನಡುವೆ ಎರಡು ಸಲ ಮನಸ್ಸು ಬದಲಾಯಿತು, ಚಿತ್ರವೂ ಬದಲಾಯಿತು, ಕೊನೆಗೆ ಮತ್ತೆ ದೂರದರ್ಶಕಕ್ಕೇ ಬಂದಳು. ಆ ಕಾಯುವಿಕೆಯೇ ಅವಳಿಗೆ ನಿಜವಾದ ಪಾಠ ಅಂತ ನನಗೆ ಅನಿಸುತ್ತದೆ.

ಒಂದು ನಿಯಮ ಮಾತ್ರ ನಾವು ಮುರಿಯುವುದಿಲ್ಲ. ಎಷ್ಟೇ ತುರ್ತು ಬಂದರೂ ದೊಡ್ಡವರು ಆ ಡಬ್ಬಿಗೆ ಕೈ ಹಾಕಬಾರದು. ‘ನಾಳೆ ಕೊಡ್ತೀನಿ’ ಅಂತ ಮಕ್ಕಳ ದುಡ್ಡು ತೆಗೆದರೆ, ಕೂಡಿಟ್ಟಿದ್ದು ಯಾರೋ ತೆಗೆದುಕೊಂಡು ಹೋಗುತ್ತಾರೆ ಅಂತ ಅವರು ಕಲಿಯುತ್ತಾರೆ.

ಲೆಕ್ಕಿಗ

ಮೇಡಂ, ಮಕ್ಕಳಿಗೆ ಗಾಜು ಸರಿ. ದೊಡ್ಡವರಿಗೆ ಕಂಡರೆ ಕಷ್ಟ. ಕಣ್ಣೆದುರು ಇದ್ದರೆ ಕೈ ಹೋಗುತ್ತದೆ.

ಹಳೇಪೆನ್ನು

ಇದಕ್ಕೂ ಒಂದು ಪ್ರಯೋಗ ನಡೆದಿದೆ. ಫಿಲಿಪ್ಪೀನ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲವು ಗ್ರಾಹಕರಿಗೆ ಬೀಗ ಹಾಕಿದಂಥ ಖಾತೆ ತೆರೆಯುವ ಅವಕಾಶ ಕೊಟ್ಟರು. ತಾವೇ ಆರಿಸಿದ ದಿನಾಂಕ ಬರುವವರೆಗೆ ಅಥವಾ ತಾವೇ ಇಟ್ಟ ಗುರಿ ಮುಟ್ಟುವವರೆಗೆ ದುಡ್ಡು ತೆಗೆಯುವ ಹಾಗಿಲ್ಲ. ಅದಕ್ಕೆ ಹೆಚ್ಚಿನ ಬಡ್ಡಿಯೇನೂ ಇರಲಿಲ್ಲ. ಆದರೂ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬೇಕು ಅಂದರು. ಒಂದು ವರ್ಷದ ನಂತರ, ಈ ಅವಕಾಶ ಸಿಗದ ಗುಂಪಿಗೆ ಹೋಲಿಸಿದರೆ ಸಿಕ್ಕ ಗುಂಪಿನ ಸರಾಸರಿ ಉಳಿತಾಯ 81% ಏರಿತ್ತು. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಲು ಜನ ಸಿದ್ಧರಿದ್ದಾರೆ.

ಮೂವರಮ್ಮ

ಹಾಗಾದರೆ ಅಂಕಿ ಕಾಣಲಿ, ದುಡ್ಡು ಕೈಗೆ ಸಿಗದಿರಲಿ. ಗೋಡೆ ಮೇಲೆ ಚುಕ್ಕಿಯವರ ಹಾಳೆ, ದುಡ್ಡು ಬೀಗದ ಖಾತೆಯಲ್ಲಿ. ಎರಡೂ ಸೇರಿತು!

ಚುಕ್ಕಿ

ಅಮ್ಮಾ, ಸರಿಯಾಗಿ ಹಿಡಿದಿರಿ ❤️

ಅದೃಷ್ಟರೇಖೆ

ನಿಜವಾದ ಮಜಾ ಬೇಕಾದರೆ ಬಹುಮಾನದ ಉಳಿತಾಯ ನೋಡಿ. ಬ್ರಿಟನ್ನಿನಲ್ಲಿ ಪ್ರೀಮಿಯಂ ಬಾಂಡ್ ಅಂತ 1956ರಿಂದ ಇದೆ. ಸರಕಾರದ್ದೇ ಯೋಜನೆ. ಬಡ್ಡಿ ಕೊಡುವುದಿಲ್ಲ. ಬದಲಿಗೆ ಆ ಬಡ್ಡಿಯ ದುಡ್ಡನ್ನೆಲ್ಲ ಒಟ್ಟುಗೂಡಿಸಿ ಪ್ರತಿ ತಿಂಗಳು ಚೀಟಿ ಎತ್ತಿ ಬಹುಮಾನ ಹಂಚುತ್ತಾರೆ. ಮೊದಲ ಸಲ ಎತ್ತಿದ್ದು 1957ರ ಜೂನ್‌ನಲ್ಲಿ. ಸಂಖ್ಯೆ ಆರಿಸುವ ಯಂತ್ರಕ್ಕೆ ಅರ್ನಿ ಅಂತ ಹೆಸರು. ಬಹುಮಾನ ಬಂದರೆ ಬಂತು, ಬಾರದಿದ್ದರೂ ಅಸಲು ಎಲ್ಲಿಗೂ ಹೋಗುವುದಿಲ್ಲ.

ಸಾಲಮುಕ್ತ

ಇದು ಜೂಜಿಗೆ ಬೇರೆ ಹೆಸರು ಅಷ್ಟೇ.

ಅದೃಷ್ಟರೇಖೆ

ಇಲ್ಲ ಸ್ವಾಮಿ. ಲಾಟರಿ ಕೊಂಡರೆ ಕೊಟ್ಟ ದುಡ್ಡು ಹೋಯಿತು. ಇಲ್ಲಿ ಕೊಟ್ಟ ದುಡ್ಡು ವಾಪಸ್ ಸಿಗುತ್ತದೆ, ಪಣಕ್ಕೆ ಇಡುವುದು ಬಡ್ಡಿ ಮಾತ್ರ. ಲಾಟರಿಗೆ ದುಡ್ಡು ಸುರಿಯುವ ಮನುಷ್ಯನಿಗೆ ಅದೇ ರೋಮಾಂಚನ ಕೊಟ್ಟು, ಅಸಲನ್ನು ಉಳಿಸಿಕೊಟ್ಟರೆ ಒಳ್ಳೆಯದೇ ಅಲ್ವಾ?

ಲೆಕ್ಕಿಗ

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಬಹುಮಾನ ಬಾರದೇ ಹೋದರೆ ಬೆಲೆ ಏರಿಕೆ ಆ ಅಸಲನ್ನು ತಿನ್ನುತ್ತಲೇ ಇರುತ್ತದೆ. ಮನೆಯ ಡಬ್ಬಿಗೂ ಇದೇ ಮಾತು. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ ಅಂತ ಅಂದಾಜು ಸಿಗುತ್ತದೆ. ವರ್ಷಕ್ಕೆ 6% ಬೆಲೆ ಏರಿದರೆ, 72ನ್ನು 6ರಿಂದ ಭಾಗಿಸಿ, 12 ವರ್ಷದಲ್ಲಿ ಬೆಲೆ ಎರಡು ಪಟ್ಟು. ಅಂದರೆ ಡಬ್ಬಿಯೊಳಗಿನ ದುಡ್ಡಿನ ಬೆಲೆ ಅರ್ಧ. ಡಬ್ಬಿ ಅಭ್ಯಾಸಕ್ಕೆ ಇರಲಿ. ತುಂಬಿದ ಕೂಡಲೇ ಬಡ್ಡಿ ಬರುವ ಕಡೆ ಹಾಕಿ.

ಇನ್ನೊಂದು ಲೆಕ್ಕ ಕೊಡುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಖುಷಿ. ತಿಂಗಳಿಗೆ 100ರ ಹಾಗೆ, ವರ್ಷಕ್ಕೆ 6% ಬಡ್ಡಿ ತಿಂಗಳು ತಿಂಗಳು ಸೇರುತ್ತಾ ಹೋದರೆ, 10 ವರ್ಷಕ್ಕೆ ಸುಮಾರು 16,400 ಆಗುತ್ತದೆ. ಕಟ್ಟಿದ್ದು 12,000. ಅದನ್ನೇ 20 ವರ್ಷ ಬಿಡದೆ ಮಾಡಿದರೆ ಸುಮಾರು 46,200. ಕಟ್ಟಿದ್ದು 24,000 ಮಾತ್ರ. ಕಟ್ಟಿದ್ದು ಎರಡು ಪಟ್ಟು, ಸಿಕ್ಕಿದ್ದು ಹತ್ತಿರ ಹತ್ತಿರ ಮೂರು ಪಟ್ಟು. ಇನ್ನು ಕಾಯುವುದು ಬೋರು ಅಂತ ಯಾರಾದರೂ ಹೇಳಲಿ.

ನೀಲಿಛತ್ರಿ

ನಿಮಗೆ ಖುಷಿ ಆಗಬಹುದು. ನನಗೆ 20 ವರ್ಷ ಅಂದ ಕೂಡಲೇ ಕಣ್ಣು ಮುಚ್ಚಿಹೋಗುತ್ತದೆ. ಆ ವಯಸ್ಸಿನ ನಾನು ಯಾರೋ ಪರಿಚಯ ಇಲ್ಲದವರ ಹಾಗೆ ಅನಿಸುತ್ತದೆ.

ಹಳೇಪೆನ್ನು

ನೀಲಿಛತ್ರಿ, ನೀವು ಹೇಳಿದ್ದು ಬಹಳ ಜನರ ಅನುಭವ. ಹಾಲ್ ಹರ್ಷ್‌ಫೀಲ್ಡ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವರಿಗೆ ಅವರದೇ ಮುಖವನ್ನು ಕಂಪ್ಯೂಟರಿನಲ್ಲಿ ಮುಪ್ಪು ಮಾಡಿ ತೋರಿಸಿದರು. ತಮ್ಮ ಮುದಿ ಮುಖ ನೋಡಿದವರು ನಿವೃತ್ತಿಗೆ ಹೆಚ್ಚು ಎತ್ತಿಡಲು ಒಪ್ಪಿದರು. ಈಗ ಫೋನಿನಲ್ಲೇ ಮುಖಕ್ಕೆ ಸುಕ್ಕು ತರಿಸಬಹುದು. ಮಾಡಿ ನೋಡಿ.

ನೀಲಿಛತ್ರಿ

ಮಾಡಿದೆ. ಥೇಟ್ ಅಜ್ಜನ ಹಾಗೇ ಇದ್ದೇನೆ. ಅಜ್ಜನಿಗೆ ಅಂತ ಎತ್ತಿಡು ಅಂದರೆ ಮನಸ್ಸು ಬರುತ್ತದೆ, ನಿಜವಾಗಲೂ.

ಗಾಳಿಪಟ

ಇಷ್ಟೆಲ್ಲ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ! ಇನ್ನೊಂದು ಕೇಳಲೇ? ಮನೆಯಲ್ಲಿ ಒಬ್ಬರಿಗೆ ಕೂಡಿಡುವ ಆಸೆ, ಇನ್ನೊಬ್ಬರಿಗೆ ಈಗಲೇ ಬದುಕಬೇಕು ಅನ್ನುವ ಆಸೆ. ಅಂಥ ಕಡೆ ಏನು ಮಾಡುವುದು?

ಮೂವರಮ್ಮ

ನಮ್ಮನೆಯಲ್ಲಿ ಇದೇ. ಇಬ್ಬರಿಗೂ ತಿಂಗಳಿಗೆ ಒಂದಿಷ್ಟು ದುಡ್ಡು, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಇಬ್ಬರಿಗೂ ಸಮ. ಅವರು ಅದನ್ನು ಎರಡೇ ದಿನಕ್ಕೆ ಮುಗಿಸಲಿ, ನಾನು ಕೂಡಿಡಲಿ, ಪ್ರಶ್ನೆ ಕೇಳುವ ಹಾಗಿಲ್ಲ. ಉಳಿದ ದುಡ್ಡಿನ ಬಗ್ಗೆ ತಿಂಗಳಿಗೊಮ್ಮೆ ಕೂತು ಮಾತು. ಆ ಮಾತುಕತೆಯನ್ನು ಜಗಳ ಆದ ದಿನ ಇಟ್ಟುಕೊಳ್ಳಬೇಡಿ, ಇಬ್ಬರೂ ನೆಮ್ಮದಿಯಾಗಿರುವ ಹೊತ್ತಿಗೆ ಇಡಿ.

ರಾತ್ರಿಪಾಳಿ

ಜಪಾನಿನಲ್ಲಿ ಕಕೇಬೊ ಅಂತ ಮನೆ ಲೆಕ್ಕದ ಪುಸ್ತಕ ಇದೆ. 1904ರಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ ತಂದದ್ದು. ತಿಂಗಳಿಗೆ ನಾಲ್ಕು ಪ್ರಶ್ನೆ. ಎಷ್ಟು ಇದೆ? ಎಷ್ಟು ಉಳಿಸಬೇಕು? ಎಷ್ಟು ಖರ್ಚಾಗುತ್ತಿದೆ? ಇನ್ನೂ ಚೆನ್ನಾಗಿ ಹೇಗೆ ಮಾಡಬಹುದು? ಗಂಡ ಹೆಂಡತಿ ಕೂತು ಮಾತಾಡಲು ಆ ನಾಲ್ಕೇ ಸಾಕು. ಕೈಯಲ್ಲಿ ಬರೆಯಬೇಕು ಅನ್ನುವುದು ಅದರಲ್ಲಿ ಮುಖ್ಯ.

ಲೆಕ್ಕಿಗ

ಕೈಯಲ್ಲಿ ಯಾಕೆ? ಸ್ಪ್ರೆಡ್‌ಶೀಟ್ ತಾನೇ ಕೂಡುತ್ತದೆ, ತಪ್ಪೂ ಆಗುವುದಿಲ್ಲ.

ರಾತ್ರಿಪಾಳಿ

ತಾನೇ ಕೂಡುತ್ತದೆ ಅನ್ನುವುದೇ ತೊಂದರೆ. ನಾವು ನೋಡುವುದೇ ಇಲ್ಲ. ಬರೆಯುವಾಗ ಪ್ರತಿ ಖರ್ಚನ್ನೂ ಇನ್ನೊಮ್ಮೆ ನೋಡಬೇಕಾಗುತ್ತದೆ.

ಲೆಕ್ಕಿಗ

ಖರ್ಚಿಗೆ ಪುಸ್ತಕ, ಉಳಿತಾಯಕ್ಕೆ ಸ್ಪ್ರೆಡ್‌ಶೀಟ್. ಇದಕ್ಕಿಂತ ಜಾಸ್ತಿ ಬಗ್ಗಲಾರೆ.

ಸಾಲಮುಕ್ತ

ಕಾರ್ಡ್ ಉಜ್ಜಿ ಕೊಡುವವರಿಗೆ ಯಾವ ಪುಸ್ತಕವೂ ಸಾಲದು. ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಂದ್ಯದ ಟಿಕೆಟ್‌ಗೆ ಹರಾಜು ಕೂಗಿಸಿದರು. ಕಾರ್ಡ್‌ನಲ್ಲಿ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚು ಕೂಗಿದರು. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಕಾರ್ಡ್‌ನಲ್ಲಿ ಇಲ್ಲ.

ಬೆಳದಿಂಗಳು

ಅದಕ್ಕೆ ನನ್ನ ಉಪಾಯ: ಬೇಕು ಅನಿಸಿದ್ದನ್ನು ಫೋನಿನಲ್ಲಿ ಪಟ್ಟಿ ಮಾಡಿ, ಪಕ್ಕದಲ್ಲಿ ತಾರೀಕು ಹಾಕಿ, ತಿಂಗಳು ಬಿಟ್ಟು ನೋಡುವುದು. ಅರ್ಧಕ್ಕಿಂತ ಹೆಚ್ಚು ಯಾಕೆ ಬೇಕಿತ್ತು ಅಂತಲೇ ನೆನಪಾಗುವುದಿಲ್ಲ. ಹಾಗೆ ಬೇಡವಾದ ಒಂದು ವಸ್ತುವಿನ ಬೆಲೆಯನ್ನು ಅದೇ ದಿನ ಕಡಲ ತೀರದ ಖಾತೆಗೆ ಕಳಿಸುತ್ತೇನೆ. ಕಳಿಸದೆ ಬಿಟ್ಟರೆ ಅದು ಉಳಿತಾಯ ಅಲ್ಲ, ಬೇರೆ ಯಾವುದಕ್ಕೋ ಖರ್ಚಾಗುವ ದುಡ್ಡು.

ಚುಕ್ಕಿ

ಇದು ಬಹಳ ಇಷ್ಟವಾಯಿತು. ವರ್ಷಕ್ಕೊಮ್ಮೆ ಬರುವ ಖರ್ಚಿಗೆ ಏನು ಮಾಡುತ್ತೀರಿ ಅಕ್ಕ? ವಿಮೆ, ಶಾಲೆ ಫೀಸು. ನಮ್ಮ ಉಳಿತಾಯ ಪ್ರತಿ ವರ್ಷ ಅಲ್ಲೇ ಕರಗುತ್ತದೆ.

ಬೆಳದಿಂಗಳು

ಅದು ಬರುತ್ತದೆ ಅಂತ ಗೊತ್ತಿರುವ ಖರ್ಚು. ಹಾಗಾಗಿ ಅದಕ್ಕೆ ಉಳಿತಾಯ ಮುಟ್ಟಬಾರದು. ಎಲ್ಲವನ್ನೂ ಕೂಡಿ, 12ರಿಂದ ಭಾಗಿಸಿ, ಪ್ರತಿ ತಿಂಗಳು ಅಷ್ಟನ್ನು ಬೇರೆ ಖಾತೆಗೆ ಹಾಕಿ. ನಮ್ಮದಕ್ಕೆ ‘ಬರೋ ಬಿಲ್ಲು’ ಅಂತ ಹೆಸರು.

ಚುಕ್ಕಿ

ಫೀಸು ಇನ್ನು ನಾಲ್ಕೇ ತಿಂಗಳಲ್ಲಿ ಬರುತ್ತದೆ. 12ರಿಂದ ಭಾಗಿಸಿದರೆ ಸಾಲುವುದಿಲ್ಲವಲ್ಲ?

ಲೆಕ್ಕಿಗ

ಮೊದಲ ಸಲ ಮಾತ್ರ ಉಳಿದ ತಿಂಗಳಿಂದ ಭಾಗಿಸಿ. ಫೀಸು ನಾಲ್ಕರಿಂದ, ವಿಮೆ ಅದು ಬರುವ ತಿಂಗಳ ಲೆಕ್ಕದಲ್ಲಿ. ಒಂದು ಸುತ್ತು ಮುಗಿದ ಮೇಲೆ ಎಲ್ಲ 12ಕ್ಕೆ ಬರುತ್ತದೆ. ಮೊತ್ತಗಳನ್ನು ಕಳಿಸಿ, ತಿಂಗಳವಾರು ಪಟ್ಟಿ ಮಾಡಿಕೊಡುತ್ತೇನೆ.